ಟೈಮರ್ ಗಡಿಯಾರವಲ್ಲ, ಕೋಡಿಂಗ್ ಪಾಠಗಳು ಇದನ್ನೂ ಹೇಳಲಿ

ಮಾನ್ಯ ಸಂಪಾದಕರೇ,

ಬ್ಯಾಂಕಿನದೋ ಬಸ್ ಟಿಕೆಟ್ಟಿನದೋ ವೆಬ್‌ಪುಟ ಒಟಿಪಿ ಕೇಳುತ್ತದೆ. ಕೆಳಗೆ ‘ಮತ್ತೆ ಕಳುಹಿಸಲು 30 ಸೆಕೆಂಡ್’ ಎಂದು ಎಣಿಕೆ ಇಳಿಯುತ್ತಿರುತ್ತದೆ. ಮೆಸೇಜ್ ಬಂತೇ ಎಂದು ನೋಡಲು ಬೇರೆ ಆ್ಯಪ್‌ಗೆ ಹೋಗಿ, ಒಂದು ನಿಮಿಷ ಬಿಟ್ಟು ಮರಳಿದರೆ ಎಣಿಕೆ 22ರಲ್ಲೇ ನಿಂತಿರುತ್ತದೆ. ಅಲ್ಲಿಂದ ಮತ್ತೆ 21, 20 ಎಂದು ಇಳಿಯತೊಡಗುತ್ತದೆ. ಜನ ಇದನ್ನು ನೆಟ್‌ವರ್ಕಿನ ತೊಂದರೆ ಎಂದೋ ಫೋನ್ ಹಳೆಯದಾಯಿತೆಂದೋ ತಿಳಿಯುತ್ತಾರೆ. ಎರಡೂ ಅಲ್ಲ. ಕೋಡ್ ಬರೆದವರು ಟೈಮರನ್ನೇ ಗಡಿಯಾರ ಎಂದುಕೊಂಡಿದ್ದಾರೆ.

ಪತ್ರಿಕೆಗಳ ತಂತ್ರಜ್ಞಾನ ಪುಟಗಳಲ್ಲಿ, ಯೂಟ್ಯೂಬಿನ ಕನ್ನಡ ಪಾಠಗಳಲ್ಲಿ ಈಗ ವೆಬ್‌ಪುಟಗಳನ್ನು ನಡೆಸುವ ಜಾವಾಸ್ಕ್ರಿಪ್ಟ್ ಭಾಷೆ ಧಾರಾಳವಾಗಿ ಸಿಗುತ್ತಿದೆ. ಡಿಪ್ಲೊಮಾ ಓದುವ ಹುಡುಗರಿಗೂ ಅದು ತಲುಪುತ್ತಿರುವುದು ದೊಡ್ಡ ಸಂತೋಷ. ಆದರೆ ಸೆಟ್‌ಟೈಮ್‌ಔಟ್ ಎಂಬ ಕರೆಯನ್ನು ‘ಇಷ್ಟು ಮಿಲಿಸೆಕೆಂಡ್ ಆದಮೇಲೆ ಈ ಕೆಲಸ ನಡೆಯುತ್ತದೆ’ ಎಂಬ ಒಂದು ಸಾಲಿನಲ್ಲಿ ಮುಗಿಸಿ ಮುಂದೆ ಹೋಗುವುದು ರೂಢಿಯಾಗಿದೆ. ಆ ಸಾಲು ಅರ್ಧ ಸತ್ಯ. ಉಳಿದರ್ಧವನ್ನು ಇಲ್ಲಿ ಹೇಳಬೇಕೆಂದಿದ್ದೇವೆ.

ಒಂದು ದರ್ಶಿನಿಯನ್ನು ನೆನೆಯಿರಿ. ದೋಸೆ ಕಾವಲಿಯ ಮುಂದೆ ಒಬ್ಬರೇ ಭಟ್ಟರು, ಎದುರಿಗೆ ಟೋಕನ್‌ಗಳ ಸಾಲು. ಒಂದು ಟೋಕನ್ ಕೈಗೆ ತೆಗೆದುಕೊಂಡರೆ ಅದು ಮುಗಿಯುವವರೆಗೆ ಇನ್ನೊಂದನ್ನು ಮುಟ್ಟುವುದಿಲ್ಲ. ಜಾವಾಸ್ಕ್ರಿಪ್ಟಿನ ಇವೆಂಟ್ ಲೂಪ್ ಇದೇ. ಕ್ಲಿಕ್ ಆದದ್ದು, ಸರ್ವರ್‌ನಿಂದ ಉತ್ತರ ಬಂದದ್ದು, ಟೈಮರ್ ಮುಗಿದದ್ದು ಎಲ್ಲವೂ ಟೋಕನ್‌ಗಳು. ಅವನ್ನು ನಡೆಸುವ ಕೈ ಒಂದೇ. ‘ಸೆಟ್‌ಟೈಮ್‌ಔಟ್, 1000’ ಎಂದರೆ ಒಂದು ಸೆಕೆಂಡಿಗೆ ದೋಸೆ ತಟ್ಟೆಗೆ ಬರುತ್ತದೆ ಎಂದಲ್ಲ, ಒಂದು ಸೆಕೆಂಡ್ ಕಳೆದಮೇಲೆ ನನ್ನ ಟೋಕನ್ನನ್ನು ಸಾಲಿಗೆ ಇಡಿ ಎಂದಷ್ಟೇ. ಆ ಹೊತ್ತಿಗೆ ಭಟ್ಟರ ಕೈಯಲ್ಲಿ ಮೂರು ಸೆಕೆಂಡಿನ ಲೆಕ್ಕಾಚಾರ ಇದ್ದರೆ ನಿಮ್ಮ ಕೆಲಸ ಮೂರು ಸೆಕೆಂಡಿನ ನಂತರವೇ. ಕೊಟ್ಟ ಅಂಕಿ ‘ಇದಕ್ಕಿಂತ ಮುಂಚೆ ಇಲ್ಲ’ ಎಂಬ ಮಾತು, ‘ಇದೇ ಹೊತ್ತಿಗೆ’ ಎಂಬ ಮಾತಲ್ಲ.

ಇದರ ಮೇಲೆ ಬ್ರೌಸರ್ ತನ್ನದೇ ನಿಯಮ ಹೇರುತ್ತದೆ. ಮರೆಗೆ ಸರಿದ ಟ್ಯಾಬ್‌ನಲ್ಲಿ ಟೈಮರ್‌ಗಳು ಸೆಕೆಂಡಿಗೆ ಒಂದು ಬಾರಿಗಿಂತ ಹೆಚ್ಚು ಓಡುವುದಿಲ್ಲ. 2021ರಲ್ಲಿ ಬಂದ ಕ್ರೋಮ್ 88ರಿಂದೀಚೆಗೆ ಇನ್ನೂ ಬಿಗಿ: ಟ್ಯಾಬ್ ಮರೆಯಾಗಿ ಐದು ನಿಮಿಷ ದಾಟಿದ್ದು, ಸದ್ದು ಮಾಡದೆ ಇದ್ದು, ಟೈಮರ್ ಒಳಗಿಂದ ಟೈಮರ್ ಎಂದು ಐದು ಸುತ್ತು ಮೀರಿದ್ದರೆ ಅವು ಎಚ್ಚರಗೊಳ್ಳುವುದು ನಿಮಿಷಕ್ಕೆ ಒಮ್ಮೆ. ಫೋನಿನಲ್ಲಿ ಬೇರೆ ಆ್ಯಪ್ ತೆರೆದರೆ ಪುಟವನ್ನು ಪೂರ್ತಿ ನಿಲ್ಲಿಸಿಯೂ ಬಿಡಬಹುದು. ಬ್ಯಾಟರಿ ಉಳಿಯಬೇಕಲ್ಲ, ಬ್ರೌಸರ್ ಮಾಡುವುದು ಸರಿಯಾಗಿಯೇ ಇದೆ. ತಪ್ಪು ‘ಸೆಕೆಂಡಿಗೊಮ್ಮೆ ಎಚ್ಚರವಾಗಿ 30ರಿಂದ ಒಂದು ಕಳೆ’ ಎಂದು ಬರೆದ ಕೋಡಿನದು. ಎಚ್ಚರವೇ ಆಗದಿದ್ದರೆ ಕಳೆಯುವುದೂ ಇಲ್ಲ.

ಸರಿಪಡಿಸುವುದು ಕಷ್ಟವಲ್ಲ. ಒಟಿಪಿ ಕಳಿಸಿದ ಕ್ಷಣದಲ್ಲೇ ‘ಮುಗಿಯುವ ಹೊತ್ತು’ ಎಂಬುದನ್ನು ಒಂದು ವೇರಿಯಬಲ್‌ನಲ್ಲಿ ಬರೆದಿಡಬೇಕು: ಈಗಿನ ಸಮಯಕ್ಕೆ 30,000 ಮಿಲಿಸೆಕೆಂಡ್ ಕೂಡಿಸಿದ್ದು. ಟೈಮರ್ ಎಚ್ಚರವಾದಾಗಲೆಲ್ಲ ಆ ಹೊತ್ತಿನಿಂದ ಈಗಿನ ಸಮಯ ಕಳೆದು ಉಳಿದದ್ದನ್ನು ತೋರಿಸಬೇಕು. ಟೈಮರ್ ಹತ್ತು ಬಾರಿ ತಪ್ಪಿದರೂ ಹನ್ನೊಂದನೆಯ ಬಾರಿಗೆ ಅಂಕಿ ಸರಿಯಾಗಿರುತ್ತದೆ. ಜೊತೆಗೆ ವಿಸಿಬಿಲಿಟಿಚೇಂಜ್ ಎಂಬ ಇವೆಂಟ್ ಕೇಳಿಸಿಕೊಂಡು, ಪುಟ ಮತ್ತೆ ಕಣ್ಣಿಗೆ ಬಿದ್ದ ಕೂಡಲೇ ಲೆಕ್ಕ ಹಾಕಿಬಿಟ್ಟರೆ ಆ ಒಂದು ಸೆಕೆಂಡಿನ ಗೊಂದಲವೂ ಇರುವುದಿಲ್ಲ. ಇಷ್ಟಾದರೂ ಕೊನೆಯ ತೀರ್ಪು ಸರ್ವರ್‌ನದೇ ಆಗಿರಬೇಕು. ಬಳಕೆದಾರರು ಫೋನಿನ ಸಮಯವನ್ನೇ ತಿದ್ದಿಕೊಂಡಿರಬಹುದು.

ಇನ್ನು ಪುಟ ಹ್ಯಾಂಗ್ ಆಗುವ ವಿಚಾರ. 5,000 ಸಾಲುಗಳ ಒಂದು ಪಟ್ಟಿಯನ್ನು ಬ್ರೌಸರ್‌ನಲ್ಲೇ ಓದಿ, ಒಂದೊಂದು ಸಾಲನ್ನೂ ಪರಿಶೀಲಿಸಬೇಕಿದೆ ಎನ್ನೋಣ. ಒಂದೇ ಲೂಪ್‌ನಲ್ಲಿ ಹಾಕಿದರೆ ಭಟ್ಟರು ಅಷ್ಟು ಹೊತ್ತೂ ತಲೆಯೆತ್ತುವುದಿಲ್ಲ. ಬಟನ್ ಒತ್ತಿದರೂ ಕೇಳದು, ‘ರದ್ದು ಮಾಡಿ’ ಎಂದರೂ ಕೇಳದು. ಸೆಕೆಂಡಿಗೆ 60 ಬಾರಿ ಬದಲಾಗುವ ಪರದೆಯಲ್ಲಿ ಒಂದು ಚಿತ್ರಕ್ಕೆ ಸಿಗುವುದು ಸುಮಾರು 16 ಮಿಲಿಸೆಕೆಂಡ್ ಮಾತ್ರ. 50 ಮಿಲಿಸೆಕೆಂಡ್ ದಾಟಿದ ಕೆಲಸವನ್ನು ಬ್ರೌಸರ್‌ಗಳೇ ‘ದೀರ್ಘ ಕೆಲಸ’ ಎಂದು ಗುರುತು ಹಾಕುತ್ತವೆ.

ಇದಕ್ಕೆ ಪಾಠಗಳಲ್ಲಿ ಸಿಗುವ ಪರಿಹಾರ, ಪ್ರತಿ ಸಾಲಿನ ನಂತರ ಸೆಟ್‌ಟೈಮ್‌ಔಟ್ ಸೊನ್ನೆ ಹಾಕಿ ಉಸಿರಾಡಲು ಬಿಡಿ ಎಂಬುದು. ಇಲ್ಲಿಯೂ ಒಂದು ಗುಂಡಿ ಇದೆ. ಟೈಮರ್ ಒಳಗೆ ಟೈಮರ್ ಐದು ಸುತ್ತು ದಾಟಿದಮೇಲೆ, ಸೊನ್ನೆ ಎಂದು ಕೊಟ್ಟರೂ ಬ್ರೌಸರ್ ಅದನ್ನು ಕನಿಷ್ಠ 4 ಮಿಲಿಸೆಕೆಂಡ್ ಮಾಡುತ್ತದೆ. 5,000 ಸಾಲಿಗೆ ನಾಲ್ಕು ಮಿಲಿಸೆಕೆಂಡಿನಂತೆ ಸುಮಾರು 20 ಸೆಕೆಂಡ್ ಬರೀ ಕಾಯುವುದರಲ್ಲೇ ಹೋಯಿತು! ಅದೇ 200 ಸಾಲುಗಳ ಕಂತು ಮಾಡಿದರೆ 25 ಕಂತು, ಕಾಯುವುದು ಹೆಚ್ಚೆಂದರೆ 100 ಮಿಲಿಸೆಕೆಂಡ್. ಇನ್ನೂ ಒಳ್ಳೆಯದು ಸಾಲು ಎಣಿಸದೆ ಸಮಯ ಎಣಿಸುವುದು. ಕೆಲಸ ಶುರುವಾದಾಗ ಹೊತ್ತು ಗುರುತಿಸಿಕೊಂಡು, 10 ಮಿಲಿಸೆಕೆಂಡ್ ಆಗುತ್ತಿದ್ದಂತೆ ಬಿಟ್ಟುಕೊಟ್ಟು, ಉಳಿದದ್ದನ್ನು ಮುಂದಿನ ಟೋಕನ್‌ಗೆ ದಾಟಿಸಿದರೆ ಹಳೆಯ ಫೋನಿನಲ್ಲೂ ಹೊಸ ಲ್ಯಾಪ್‌ಟಾಪಿನಲ್ಲೂ ಪುಟ ಒಂದೇ ಹದದಲ್ಲಿ ಉಸಿರಾಡುತ್ತದೆ.

‘ಅವೇಟ್ ಹಾಕಿದ್ದೇನೆ, ಆದರೂ ಪುಟ ಅಲ್ಲಾಡುತ್ತಿಲ್ಲ’ ಎಂಬ ದೂರು ಹೊಸಬರಿಂದ ಮೇಲಿಂದ ಮೇಲೆ ಬರುತ್ತದೆ. ಪ್ರಾಮಿಸ್ ಎಂದರೆ ಮುಂದೆ ಬರಲಿರುವ ಉತ್ತರದ ಭರವಸೆ, ಅವೇಟ್ ಎಂದರೆ ಆ ಉತ್ತರ ಬಂದಮೇಲೆ ಮುಂದಿನ ಸಾಲಿಗೆ ಹೋಗು ಎಂಬ ಮಾತು. ಕಾರಣ ಸರಳ. ಈಗಾಗಲೇ ಪೂರೈಸಿದ ಪ್ರಾಮಿಸ್‌ಗೆ ಅವೇಟ್ ಹಾಕಿದರೆ ಮುಂದಿನ ಭಾಗ ಟೋಕನ್ ಸಾಲಿಗೆ ಹೋಗುವುದಿಲ್ಲ, ಮೈಕ್ರೋಟಾಸ್ಕ್ ಎಂಬ ಬೇರೆ ಸಾಲಿಗೆ ಹೋಗುತ್ತದೆ. ಅದು ಭಟ್ಟರ ಕಿವಿಯಲ್ಲೇ ಹೇಳಿದ ಹಾಗೆ: ಅದು ಪೂರ್ತಿ ಖಾಲಿಯಾಗುವವರೆಗೆ ಅವರು ಮುಂದಿನ ಟೋಕನ್ ತೆಗೆಯುವುದಿಲ್ಲ, ಪರದೆಯನ್ನೂ ಬರೆಯುವುದಿಲ್ಲ. ಪ್ರಾಮಿಸ್ ಬಳಸಿದ ಮಾತ್ರಕ್ಕೆ ಕೆಲಸ ಹಿನ್ನೆಲೆಗೆ ಹೋಗುವುದಿಲ್ಲ. ಈ ತಪ್ಪು ನಂಬಿಕೆಯೇ ಹೊಸಬರನ್ನು ಎಲ್ಲಕ್ಕಿಂತ ಹೆಚ್ಚು ಕಾಡುತ್ತದೆ ಎನ್ನುವುದು ನಮ್ಮ ಅಭಿಪ್ರಾಯ.

ನಿಜವಾಗಿ ಹಿನ್ನೆಲೆಗೆ ಕಳಿಸಬೇಕಾದರೆ ಬ್ರೌಸರ್‌ನಲ್ಲಿ ವೆಬ್ ವರ್ಕರ್, ಸರ್ವರ್‌ನಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್‌ನಲ್ಲಿ ವರ್ಕರ್ ಥ್ರೆಡ್. ಅದು ಇನ್ನೊಬ್ಬ ಭಟ್ಟರು, ಇನ್ನೊಂದು ಕಾವಲಿ. ಆದರೆ ಅವರಿಗೆ ಪುಟದ ಬಟನ್, ಪೆಟ್ಟಿಗೆ ಯಾವುದೂ ಕೈಗೆಟುಕದು. ಸಂದೇಶದ ಮೂಲಕವೇ ಕೊಡಬೇಕು, ಸಂದೇಶದ ಮೂಲಕವೇ ಪಡೆಯಬೇಕು. ಕೊಟ್ಟ ಮಾಹಿತಿ ನಕಲಾಗಿ ಹೋಗುತ್ತದೆ. ಹಲವು ಎಂಬಿಯ ಆಬ್ಜೆಕ್ಟ್ ಕಳಿಸಿದರೆ ನಕಲು ಮಾಡುವುದೇ ಭಾರವಾಗಿ ಮುಖ್ಯ ಪುಟ ಮತ್ತೆ ತಡವರಿಸುತ್ತದೆ. ಚಿತ್ರ, ಧ್ವನಿಯಂಥ ಕಚ್ಚಾ ಬೈಟ್‌ಗಳನ್ನು ಅರೇಬಫರ್ ಆಗಿ ನಕಲಿಲ್ಲದೆ ಹಸ್ತಾಂತರ ಮಾಡಬಹುದು, ಆಮೇಲೆ ಕಳಿಸಿದವರ ಬಳಿ ಅದು ಖಾಲಿ. ಅದನ್ನು ಮರೆತು ಮತ್ತೆ ಓದಲು ಹೋದರೆ ಉದ್ದ ಸೊನ್ನೆ ಎಂದು ಬರುತ್ತದೆ.

ಇಷ್ಟು ಹೊತ್ತಿಗೊಮ್ಮೆ ಎಂದು ಒಂದೇ ಕೆಲಸವನ್ನು ಮತ್ತೆ ಮತ್ತೆ ನಡೆಸುವ ಸೆಟ್‌ಇಂಟರ್ವಲ್‌ನ ಅವಾಂತರ ಬೇರೆ. ಎರಡು ಸೆಕೆಂಡಿಗೊಮ್ಮೆ ಸರ್ವರ್ ಕೇಳು ಎಂದು ಬರೆದಿರುತ್ತಾರೆ. ಆಫೀಸಿನ ವೈಫೈನಲ್ಲಿ ಚೆನ್ನಾಗಿಯೇ ಓಡುತ್ತದೆ. ಮಲೆನಾಡಿನ ಒಂದು ಕಡ್ಡಿ ಸಿಗ್ನಲ್‌ನಲ್ಲಿ ಉತ್ತರಕ್ಕೆ ಐದು ಸೆಕೆಂಡ್ ಬೇಕು. ಮೊದಲನೆಯದು ಬರುವ ಮೊದಲೇ ಎರಡನೆಯದು, ಮೂರನೆಯದು ಹೊರಟಾಗಿದೆ. ಬರುವಾಗ ಹೊರಟ ಕ್ರಮದಲ್ಲೇ ಬರಬೇಕೆಂದಿಲ್ಲ. ಹಳೆಯ ಉತ್ತರ ಕೊನೆಗೆ ಬಂದು ಹೊಸದರ ಮೇಲೆ ಕೂರುತ್ತದೆ. ಸೀಟು ಖಾಲಿ ಇದೆ ಎಂದು ತೋರಿಸಿ, ಒತ್ತಿದರೆ ಇಲ್ಲ ಎನ್ನುವ ಪುಟಗಳ ಹಿಂದೆ ಇದೂ ಒಂದು ಕಾರಣ. ಇಂಟರ್ವಲ್ ಬಿಟ್ಟು, ಒಂದು ಉತ್ತರ ಬಂದ ಮೇಲೆ ಅಥವಾ ಸೋತ ಮೇಲೆ ಮುಂದಿನ ಸೆಟ್‌ಟೈಮ್‌ಔಟ್ ಹಾಕಬೇಕು. ಹಳೆಯ ವಿನಂತಿ ಬೇಡವಾದರೆ ಅಬಾರ್ಟ್‌ಕಂಟ್ರೋಲರ್‌ನಿಂದ ಕಡಿಯಬೇಕು. ಪುಟದ ಆ ಭಾಗ ಮುಚ್ಚಿದಾಗ ಕ್ಲಿಯರ್‌ಟೈಮ್‌ಔಟ್‌ನಿಂದ ಟೈಮರ್ ರದ್ದು ಮಾಡದೆ ಬಿಟ್ಟರೆ, ಕಾಣದ ಪೆಟ್ಟಿಗೆಗೆ ಕಾಣದ ಕೈ ಬರೆಯುತ್ತಲೇ ಇರುತ್ತದೆ, ಮೆಮೊರಿಯೂ ಬಿಡುಗಡೆಯಾಗದು.

ಕನ್ನಡದವರಿಗೆ ನೇರವಾಗಿ ತಟ್ಟುವ ಒಂದು ಸಂಗತಿ ಹುಡುಕಾಟದ ಪೆಟ್ಟಿಗೆ. ‘ಕನ್ನಡ’ ಎಂದು ಇನ್‌ಸ್ಕ್ರಿಪ್ಟ್ ಕೀಲಿಮಣೆಯಲ್ಲಿ ಟೈಪಿಸಿದರೆ ಪೆಟ್ಟಿಗೆಯೊಳಗೆ ಒಂದಾದ ಮೇಲೊಂದು ಬರುವುದು ಕ, ಕನ, ಕನ್, ಕನ್ನ, ಕನ್ನಡ. ಪ್ರತಿ ಕೀಲಿಗೂ ಹುಡುಕಾಟ ಹೊರಟರೆ ಐದು ವಿನಂತಿ, ಅದರಲ್ಲಿ ಒಂದು ಅರ್ಧಾಕ್ಷರಕ್ಕೆ ನಿಂತದ್ದು. ಬೆರಳು ನಿಂತು 300 ಮಿಲಿಸೆಕೆಂಡ್ ಆದಮೇಲೆ ಮಾತ್ರ ಕಳಿಸುವಂತೆ, ಅಂದರೆ ಪ್ರತಿ ಕೀಲಿಗೂ ಹಳೆಯ ಟೈಮರ್ ಅಳಿಸಿ ಹೊಸದು ಇಡುವಂತೆ ಬರೆದರೆ ಒಂದೇ ವಿನಂತಿ ಸಾಕು. ಡಿಬೌನ್ಸ್ ಎನ್ನುವುದು ಇದನ್ನೇ. ಪದ ಕೂಡಿಕೊಳ್ಳುವುದು ಮುಗಿದಾಗ ಬರುವ ಕಾಂಪೊಸಿಷನ್‌ಎಂಡ್ ಇವೆಂಟ್ ಒಂದನ್ನೇ ನಂಬಿ ಕೂರುವುದು ಬೇಡ. ಫೋನಿನ ಎಷ್ಟೋ ಕೀಲಿಮಣೆಗಳು ಸ್ಪೇಸ್ ಒತ್ತುವವರೆಗೆ ಅದನ್ನು ಕೊಡುವುದೇ ಇಲ್ಲ; ಬಳಕೆದಾರರು ಪದ ಬರೆದು ಕಾಯುತ್ತಲೇ ಇರುತ್ತಾರೆ.

ಸರ್ವರ್ ಕಡೆ ಬಂದರೆ ಪೆಟ್ಟು ದೊಡ್ಡದು. ಗ್ರಂಥಾಲಯದ ತಂತ್ರಾಂಶವೊಂದು ಪುಸ್ತಕ ಕೊಟ್ಟ 30 ದಿನಕ್ಕೆ ‘ಹಿಂದಿರುಗಿಸಿ’ ಎಂದು ಎಸ್‌ಎಂಎಸ್ ಕಳಿಸಬೇಕು ಎನ್ನೋಣ. ಹೊಸಬರು ನೋಡ್‌ನಲ್ಲಿ 30 ದಿನದ ಸೆಟ್‌ಟೈಮ್‌ಔಟ್ ಹಾಕುತ್ತಾರೆ. 30 ದಿನ ಎಂದರೆ 259,20,00,000 ಮಿಲಿಸೆಕೆಂಡ್. ಟೈಮರ್ ಹಿಡಿಯಬಲ್ಲ ಗರಿಷ್ಠ ಅಂಕಿ 214,74,83,647, ಅಂದರೆ 24 ದಿನ 20 ಗಂಟೆ 31 ನಿಮಿಷದ ಆಸುಪಾಸು. ಅದನ್ನು ಮೀರಿದರೆ ನೋಡ್ ಒಂದು ಎಚ್ಚರಿಕೆ ಬರೆದು, ಕಾಲಾವಧಿಯನ್ನು 1 ಮಿಲಿಸೆಕೆಂಡ್ ಮಾಡಿಬಿಡುತ್ತದೆ. ಪುಸ್ತಕ ಇನ್ನೂ ಕೈಯಲ್ಲಿರುವಾಗಲೇ ‘ಹಿಂದಿರುಗಿಸಿ’ ಎಂಬ ಮೆಸೇಜ್! 20 ದಿನ ಎಂದು ಇಟ್ಟರೂ ಉಳಿಗಾಲವಿಲ್ಲ. ಟೈಮರ್ ಇರುವುದು ಮೆಮೊರಿಯಲ್ಲಿ. ನಡುವೆ ಸರ್ವರ್ ಒಮ್ಮೆ ಮರುಚಾಲನೆಯಾದರೆ ಅಷ್ಟೂ ನೆನಪೋಲೆಗಳು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಕೆಲವು ನಿಮಿಷಕ್ಕಿಂತ ಹೆಚ್ಚು ತಡವಾಗಿ ನಡೆಯಬೇಕಾದ, ಕಳೆದುಹೋಗಬಾರದ ಯಾವ ಕೆಲಸವೂ ಡೇಟಾಬೇಸ್‌ನಲ್ಲೇ ಇರಬೇಕು. ಒಂದು ಟೇಬಲ್ ಸಾಕು. ಯಾವ ಕೆಲಸ, ಅದಕ್ಕೆ ಬೇಕಾದ ವಿವರ, ಯಾವಾಗ ನಡೆಯಬೇಕು, ಈಗಿನ ಸ್ಥಿತಿ ಏನು, ಎಷ್ಟು ಬಾರಿ ಪ್ರಯತ್ನವಾಯಿತು, ಯಾರೋ ಕೈಗೆತ್ತಿಕೊಂಡಿದ್ದರೆ ಎಲ್ಲಿಯವರೆಗೆ, ಕೊನೆಯ ದೋಷ ಯಾವುದು ಎಂಬಿಷ್ಟು ಕಾಲಂ. ಬೇಗ ಹುಡುಕಲು ‘ಯಾವಾಗ’ ಎಂಬ ಕಾಲಂಗೆ ಇಂಡೆಕ್ಸ್. ಬೇರೆಯೇ ಆದ ಒಂದು ಪ್ರಕ್ರಿಯೆ (ಓಡುತ್ತಿರುವ ಪ್ರೋಗ್ರಾಂ) 10 ಸೆಕೆಂಡಿಗೊಮ್ಮೆ ಎದ್ದು, ಹೊತ್ತು ಮೀರಿದ ಇಪ್ಪತ್ತು ಸಾಲುಗಳನ್ನು ಎತ್ತಿಕೊಂಡು ನಡೆಸಲಿ. ಇಂಥ ಪ್ರಕ್ರಿಯೆಗಳು ಎರಡು ಮೂರು ಇದ್ದಾಗ ಒಂದೇ ಸಾಲಿಗೆ ಇಬ್ಬರು ಕೈಹಾಕದಂತೆ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ 9.5 ಆವೃತ್ತಿಯಿಂದ, ಮೈಎಸ್‌ಕ್ಯೂಎಲ್‌ನ 8.0 ಆವೃತ್ತಿಯಿಂದ ‘ಸ್ಕಿಪ್ ಲಾಕ್ಡ್’ ಇದೆ: ಇನ್ನೊಬ್ಬರು ಹಿಡಿದ ಸಾಲನ್ನು ದಾಟಿ ಮುಂದಿನದನ್ನು ಕೊಡುತ್ತದೆ. ಎತ್ತಿಕೊಂಡವರು ನಡುವೆಯೇ ಸತ್ತರೆ ಏನು ಗತಿ? ಅದಕ್ಕೇ ‘ಎಲ್ಲಿಯವರೆಗೆ’ ಎಂಬ ಕಾಲಂ. ಐದು ನಿಮಿಷ ಎಂದು ಬರೆದು, ಅದು ದಾಟಿದ ಸಾಲನ್ನು ಬೇರೆಯವರು ಎತ್ತಿಕೊಳ್ಳಲು ಬಿಡಬೇಕು.

ಹೀಗೆ ಮಾಡಿದರೆ ಒಂದು ಕೆಲಸ ಎರಡು ಬಾರಿ ನಡೆಯುವ ಸಾಧ್ಯತೆ ಇದ್ದೇ ಇರುತ್ತದೆ. ಎಸ್‌ಎಂಎಸ್ ಹೋಗಿದೆ, ‘ಹೋಯಿತು’ ಎಂದು ಗುರುತು ಹಾಕುವ ಮೊದಲು ಕರೆಂಟು ಹೋಗಿದೆ. ಗುರುತನ್ನು ಮೊದಲೇ ಹಾಕಿದರೆ ಸಂದೇಶ ಕಳೆದುಹೋಗುವ ಅಪಾಯ, ಆಮೇಲೆ ಹಾಕಿದರೆ ಎರಡು ಬಾರಿ ಹೋಗುವ ಅಪಾಯ. ಮೂರನೆಯ ದಾರಿ ಇಲ್ಲಿಲ್ಲ, ಕೆಲಸದ ಸ್ವಭಾವ ನೋಡಿ ಆರಿಸಬೇಕು. ನೆನಪೋಲೆ ಎರಡು ಸಲ ಹೋದರೆ ಯಾರಿಗೂ ನಷ್ಟವಿಲ್ಲ. ಹಣ ಎರಡು ಸಲ ಕಡಿತವಾದರೆ ಆ ಮನೆಯ ತಿಂಗಳ ಲೆಕ್ಕವೇ ತಪ್ಪುತ್ತದೆ. ಹಣದ ಕೆಲಸಕ್ಕೆ ಪ್ರತಿ ವ್ಯವಹಾರಕ್ಕೂ ಒಂದು ವಿಶಿಷ್ಟ ಸಂಖ್ಯೆ ಕೊಟ್ಟು, ಅದೇ ಸಂಖ್ಯೆ ಮತ್ತೆ ಬಂದರೆ ಎದುರಿನ ವ್ಯವಸ್ಥೆ ಹೊಸದಾಗಿ ನಡೆಸದೆ ಹಳೆಯ ಉತ್ತರವನ್ನೇ ಕೊಡುವ ಏರ್ಪಾಡು ಇರಲೇಬೇಕು. ಇದರಲ್ಲಿ ರಾಜಿ ಕೂಡದು.

ಸೋತ ಕೆಲಸವನ್ನು ಕೂಡಲೇ ಮತ್ತೆ ಮತ್ತೆ ಹೊಡೆಯುವುದೂ ತಪ್ಪು. ಎದುರಿನ ಸರ್ವರ್ ಬಿದ್ದಿರುವಾಗ ಸಾವಿರ ಕೆಲಸಗಳು ಒಟ್ಟಿಗೆ ಬಾಗಿಲು ಬಡಿದರೆ ಅದು ಏಳುವುದೇ ಇಲ್ಲ. ಒಂದು ನಿಮಿಷ, ಎರಡು, ನಾಲ್ಕು, ಎಂಟು, ಹದಿನಾರು ಎಂದು ಅಂತರ ಹಿಗ್ಗಿಸಿ, ಪ್ರತಿ ಅಂತರಕ್ಕೂ ಹೆಚ್ಚುಕಮ್ಮಿ ಶೇ 20ರೊಳಗೆ ಏನಾದರೊಂದು ಯಾದೃಚ್ಛಿಕ ಪಾಲು ಸೇರಿಸಬೇಕು. ಆ ಪಾಲಿಲ್ಲದಿದ್ದರೆ ಒಟ್ಟಿಗೆ ಸೋತವರೆಲ್ಲ ಒಟ್ಟಿಗೇ ಮರಳಿ ಬರುತ್ತಾರೆ. ಐದು ಬಾರಿಯೂ ಆಗದಿದ್ದರೆ ಮನುಷ್ಯರು ನೋಡುವ ಪಟ್ಟಿಗೆ ಸೇರಲಿ. ಮೊಬೈಲ್ ಸಂಖ್ಯೆಯೇ ತಪ್ಪಿದ್ದರೆ ಮರುಪ್ರಯತ್ನ ಬೇಡವೇ ಬೇಡ.

ಸಮಯವಲಯ ಇನ್ನೊಂದು ಹಳೆಯ ಮೋಸ. ಬಾಡಿಗೆಯ ಸರ್ವರ್‌ಗಳ ಗಡಿಯಾರ ಸಾಮಾನ್ಯವಾಗಿ ಯುಟಿಸಿ ಎಂಬ ಜಾಗತಿಕ ಸಮಯದಲ್ಲಿ ಇರುತ್ತದೆ, ನಮ್ಮದು ಅದಕ್ಕಿಂತ ಐದೂವರೆ ಗಂಟೆ ಮುಂದೆ. ರೈತರಿಗೆ ಬೆಳಿಗ್ಗೆ 6ಕ್ಕೆ ತಲುಪಬೇಕಾದ ಮಾರುಕಟ್ಟೆ ದರಕ್ಕೆ ನಿಗದಿತ ಹೊತ್ತಿಗೆ ಕೆಲಸ ನಡೆಸುವ ಕ್ರಾನ್‌ನಲ್ಲಿ 6 ಎಂದೇ ಬರೆದರೆ ಅದು ತಲುಪುವುದು ಹನ್ನೊಂದೂವರೆಗೆ, ಸಂತೆ ಅರ್ಧ ಮುಗಿದಮೇಲೆ. ಬರೆಯಬೇಕಾದ್ದು ಸೊನ್ನೆ ಗಂಟೆ 30 ನಿಮಿಷ. ಅದೇ ಕ್ರಾನ್ ಸಾಲು ನೋಡ್ ಪ್ರೋಗ್ರಾಂ ಒಳಗೇ ಇದ್ದು, ಆ ಪ್ರೋಗ್ರಾಂನ ನಾಲ್ಕು ಪ್ರತಿ ಓಡುತ್ತಿದ್ದರೆ ಪ್ರತಿಯೊಬ್ಬರಿಗೂ ನಾಲ್ಕು ಸಂದೇಶ.

ದೋಷ ಹಿಡಿಯುವ ವಿಚಾರದಲ್ಲಿ ಒಂದನ್ನು ಮಾತ್ರ ಒತ್ತಿ ಹೇಳುತ್ತೇವೆ. ಸೆಟ್‌ಟೈಮ್‌ಔಟ್ ಸುತ್ತ ದೋಷ ಹಿಡಿಯುವ ಟ್ರೈ-ಕ್ಯಾಚ್ ಹಾಕಿದರೆ ಒಳಗಿನ ಕೆಲಸದ ದೋಷ ಅದಕ್ಕೆ ಸಿಗುವುದಿಲ್ಲ. ಆ ಕೆಲಸ ನಡೆಯುವ ಹೊತ್ತಿಗೆ ಟ್ರೈ ಮುಗಿದು ಬಹಳ ಹೊತ್ತಾಗಿರುತ್ತದೆ. ಟ್ರೈ ಒಳಗಿನ ಕೆಲಸದಲ್ಲೇ ಇರಬೇಕು. ಹಾಗೆಯೇ ಅವೇಟ್ ಇಲ್ಲದೆ ಹಾರಿಸಿಬಿಟ್ಟ ಪ್ರಾಮಿಸ್ ಸೋತು, ಅದನ್ನು ಯಾರೂ ಹಿಡಿಯದಿದ್ದರೆ, 2020ರಲ್ಲಿ ಬಂದ ನೋಡ್ 15ರಿಂದೀಚೆಗೆ ಇಡೀ ಪ್ರಕ್ರಿಯೆಯೇ ಬಿದ್ದುಹೋಗುತ್ತದೆ. ಒಂದು ಎಸ್‌ಎಂಎಸ್ ಸೋತದ್ದಕ್ಕೆ ಇಡೀ ವೆಬ್‌ಸೈಟ್ ಕೆಳಗೆ. ಹಿನ್ನೆಲೆಗೆ ಬಿಟ್ಟ ಪ್ರತಿ ಪ್ರಾಮಿಸ್‌ಗೂ ಕೊನೆಯಲ್ಲಿ ಒಂದು ಕ್ಯಾಚ್, ಅದರೊಳಗೆ ದೋಷ ಬರೆದಿಡುವ ಲಾಗ್.

ನೋಡ್‌ನ ಒಳಗೆ ಲಿಬ್‌ಯುವಿ ಎಂಬ ಭಾಗವಿದೆ. ಕಡತ ಓದುವುದು, ಪಾಸ್‌ವರ್ಡನ್ನು ಹಿಂದೆ ತಿರುಗಿಸಲಾಗದ ಗುರುತಾಗಿ ಬದಲಿಸುವುದು (ಹ್ಯಾಶ್), ಮಾಹಿತಿ ಕುಗ್ಗಿಸುವುದು ಇಂಥವನ್ನು ಅದು ತನ್ನ ಥ್ರೆಡ್‌ಗಳಿಗೆ ಹಂಚುತ್ತದೆ. ಅವು ಇರುವುದು ಮೂಲತಃ ನಾಲ್ಕೇ. ಐದು ಜನ ಒಟ್ಟಿಗೆ ಲಾಗಿನ್ ಆದರೆ ಐದನೆಯವರ ಪಾಸ್‌ವರ್ಡ್ ಕಾಯುತ್ತದೆ, ಜೊತೆಗೆ ಅದೇ ಸಾಲಿನಲ್ಲಿ ಕಡತ ಓದುವ ಕೆಲಸವೂ ಕಾಯುತ್ತದೆ. ಈ ಸಂಖ್ಯೆಯನ್ನು ಹೆಚ್ಚಿಸಬಹುದು. ಆದರೆ ಹ್ಯಾಶ್‌ನಂಥ ಕೆಲಸಕ್ಕೆ ಯಂತ್ರದ ಕೋರ್‌ಗಳಿಗಿಂತ ತುಂಬ ಹೆಚ್ಚಿಸಿ ಪ್ರಯೋಜನವಿಲ್ಲ. ಇದೇ ಕೆಲಸಗಳ ‘ಸಿಂಕ್’ ಎಂದು ಕೊನೆಗೊಳ್ಳುವ ರೂಪಗಳನ್ನು ವೆಬ್ ಸರ್ವರ್ ಒಳಗೆ ಬಳಸಲೇಬಾರದು. ಅವು ನೇರ ಭಟ್ಟರ ಕೈಯನ್ನೇ ಕಟ್ಟುತ್ತವೆ.

ಪೈಥಾನ್ ಭಾಷೆಯಲ್ಲಿ ಇಂಥದೇ ಇವೆಂಟ್ ಲೂಪ್ ಕೊಡುವ ಅಸಿಂಕ್‌ಐಒದಲ್ಲೂ ಕಥೆ ಹೆಚ್ಚು ಬೇರೆಯಲ್ಲ. ಅಲ್ಲಿ ಟೈಮ್ ಮಾಡ್ಯೂಲಿನ ಸ್ಲೀಪ್ ಬಳಸಿದರೆ ಇಡೀ ಲೂಪ್ ನಿದ್ದೆ ಹೋಗುತ್ತದೆ, ಅಸಿಂಕ್‌ಐಒದ ಸ್ಲೀಪ್‌ಗೆ ಅವೇಟ್ ಹಾಕಬೇಕು. ಕ್ರಿಯೇಟ್‌ಟಾಸ್ಕ್‌ನಿಂದ ಹುಟ್ಟಿಸಿದ ಕೆಲಸವನ್ನು ಒಂದು ಸೆಟ್‌ನಲ್ಲಿ ಹಿಡಿದಿಟ್ಟುಕೊಳ್ಳದಿದ್ದರೆ, ಲೂಪ್ ಅದನ್ನು ಗಟ್ಟಿಯಾಗಿ ಹಿಡಿದಿರುವುದಿಲ್ಲವಾದ್ದರಿಂದ ನಡುವೆಯೇ ಕಸದ ಜೊತೆ ಗುಡಿಸಿಹೋಗಬಹುದು. ಲೂಪನ್ನು ತಡೆಯುವ ಹಳೆಯ ಕೋಡನ್ನು ಬೇರೆ ಥ್ರೆಡ್‌ಗೆ ಕಳಿಸಲು ಪೈಥಾನ್ 3.9ರಿಂದ ಟು‌ಥ್ರೆಡ್ ಇದೆ.

ಬಳಸಿದಷ್ಟಕ್ಕೆ ಹಣ ಕೊಡುವ ಸರ್ವರ್‌ಲೆಸ್ ಏರ್ಪಾಡಿನಲ್ಲಿ ‘ಉತ್ತರ ಕಳಿಸಿ ಆಮೇಲೆ ಇಮೇಲ್ ಕಳಿಸೋಣ’ ಎಂದು ಟೈಮರ್ ಬಿಟ್ಟರೆ, ಉತ್ತರ ಹೋದ ಕೂಡಲೇ ಪ್ರಕ್ರಿಯೆಯನ್ನು ಹೆಪ್ಪುಗಟ್ಟಿಸಿಬಿಡಬಹುದು. ಆ ಇಮೇಲ್ ಮುಂದಿನ ವಿನಂತಿ ಬಂದಾಗ ಹೋಗಬಹುದು, ಹೋಗದೆಯೂ ಇರಬಹುದು. ಪ್ರೋಗ್ರಾಂಗಳನ್ನು ಪ್ರತ್ಯೇಕ ಡಬ್ಬಿಗಳಲ್ಲಿಟ್ಟು ಓಡಿಸುವ ಡಾಕರ್‌ನಲ್ಲಿ ನಿಲ್ಲಿಸುವ ಆಜ್ಞೆ ಕೊಟ್ಟರೆ ಮೊದಲು ಸಿಗ್‌ಟರ್ಮ್ ಎಂಬ ಸೂಚನೆ ಬಂದು, ಸಾಮಾನ್ಯವಾಗಿ 10 ಸೆಕೆಂಡಿನ ನಂತರ ಬಲವಂತದ ಕೊನೆ. ಆ ಹತ್ತು ಸೆಕೆಂಡಿನಲ್ಲಿ ಹೊಸ ಕೆಲಸ ಎತ್ತಿಕೊಳ್ಳುವುದನ್ನು ನಿಲ್ಲಿಸಿ, ಕೈಯಲ್ಲಿದ್ದದ್ದನ್ನು ಮುಗಿಸಿ, ಮುಗಿಯದಿದ್ದರೆ ಟೇಬಲ್‌ಗೆ ಹಿಂದಿರುಗಿಸಿ ಹೊರಡಬೇಕು.

ಕಲಿಸುವವರಲ್ಲಿ ಒಂದು ಕೋರಿಕೆ. ಸೆಟ್‌ಟೈಮ್‌ಔಟ್ ಉದಾಹರಣೆ ಕೊಡುವ ದಿನವೇ ವಿದ್ಯಾರ್ಥಿಗಳಿಂದ ಇಷ್ಟನ್ನು ಮಾಡಿಸಿ. ಎಣಿಕೆ ಓಡುತ್ತಿರುವಾಗ ಬೇರೆ ಟ್ಯಾಬ್‌ಗೆ ಹೋಗಿ ಆರು ನಿಮಿಷ ಬಿಟ್ಟು ಬರಲಿ. ಲ್ಯಾಪ್‌ಟಾಪಿನ ಮುಚ್ಚಳ ಹತ್ತು ನಿಮಿಷ ಮುಚ್ಚಿ ತೆರೆಯಲಿ. ಸರ್ವರ್ ಪಾಠವಾದರೆ ಕೆಲಸ ಅರ್ಧಕ್ಕೆ ಬಂದಾಗ ಪ್ರಕ್ರಿಯೆಯನ್ನು ಕೊಂದು ಮತ್ತೆ ಏಳಿಸಲಿ, ಅದೇ ಪ್ರೋಗ್ರಾಂನ ಎರಡು ಪ್ರತಿ ಒಟ್ಟಿಗೆ ಓಡಿಸಿ ಎಷ್ಟು ಸಂದೇಶ ಹೋಯಿತೆಂದು ಎಣಿಸಲಿ. ಒಂದು ಪಿರಿಯಡ್ ಸಾಲದಿದ್ದರೆ ಎರಡು ತೆಗೆದುಕೊಳ್ಳಿ. ನಿಮ್ಮ ಪತ್ರಿಕೆಯ ತಂತ್ರಜ್ಞಾನ ಪುಟದಲ್ಲೂ ಈ ಪ್ರಯೋಗಗಳಿಗೆ ಒಂದು ವಾರ ಜಾಗ ಸಿಕ್ಕರೆ, ಬೇಕಾದ ಕೋಡನ್ನು ಕನ್ನಡದ ಟಿಪ್ಪಣಿಗಳೊಂದಿಗೆ ಬರೆದುಕೊಡಲು ನಾವು ಸಿದ್ಧರಿದ್ದೇವೆ.

ಇಂತಿ,
ತಂತ್ರಾಂಶ ಬರೆಯುವ ಮತ್ತು ಕಲಿಸುವ ಕೆಲವರು
ಬೆಂಗಳೂರು